ಮಿನಿಕಾಯಿಯಲ್ಲಿ ಒಂದು ಹಗಲು

ಹಡಗಿನಲ್ಲಿ ಕುಳಿತು ಊರು ನೋಡಲು ಹೊರಟವನ ಪಾಡೇ ಬೇರೆ. ರೈಲಿನಲ್ಲಿ ಹೋದವನು ಊರಿಗಿಳಿದು, ಛತ್ರವನ್ನೋ ಹೋಟೆಲನ್ನೋ ಹುಡುಕಿಕೊಂಡು, ಅಲ್ಲಿಯ ಸೊಳ್ಳೆಗಳಿಂದ ಕಡಿಸಿಕೊಂಡು, ಅಲ್ಲಿಯ ನೀರು ಕುಡಿದು, ಊರಿನ ಹಗಲನ್ನೂ ಇರುಳನ್ನೂ ಕಂಡು ಬರುತ್ತಾನೆ. ಹಡಗಿನವನು ಆಮೆಯಂತೆ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿರುತ್ತಾನೆ. ಬೆಳಿಗ್ಗೆ ಉಪಾಹಾರ ಮುಗಿಸಿ ಇಳಿಯುತ್ತಾನೆ. ಊರವರು ದೀಪ ಹಚ್ಚುವ ಹೊತ್ತಿಗೆ ಮರಳಿ ಹತ್ತುತ್ತಾನೆ. ಅವನಿಗೆ ದಕ್ಕುವುದು ಊರಿನ ಹಗಲು ಮಾತ್ರ. ಆ ಹಗಲಿನಲ್ಲಿಯೂ ಅರ್ಧ ಪಾಲು ಕಾರ್ಯಕ್ರಮದ ಪಟ್ಟಿ ಹಿಡಿದವರ ವಶ. ಆದರೂ ಮಿನಿಕಾಯ್ ದ್ವೀಪದಲ್ಲಿ ನಾವು ಕಳೆದ ಒಂದು ಹಗಲಿನ ವಿಷಯ ಬರೆಯಬೇಕೆನ್ನಿಸಿದೆ. ಅದಕ್ಕೆ ದ್ವೀಪದ ಚೆಲುವು ಎಷ್ಟು ಕಾರಣವೋ ನಮ್ಮ ಅತ್ತಿಗೆಯೂ ಅಷ್ಟೇ ಕಾರಣ.

ನಾವು ಹೋದದ್ದು 2006ರ ಜನವರಿಯಲ್ಲಿ. ಮಳೆಗಾಲದಲ್ಲಿ ಆ ಕಡಲು ಪ್ರವಾಸಿಗಳನ್ನು ಹತ್ತಿರ ಸೇರಿಸುವುದಿಲ್ಲ. ಚಳಿಗಾಲ ಬಂದಿತೆಂದರೆ ಕೊಳದಂತೆ ಶಾಂತವಾಗಿರುತ್ತದೆ. ಕೊಚ್ಚಿಯಿಂದ ಹೊರಟ ಹಡಗು ಐದು ದಿನಗಳಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳನ್ನು ತೋರಿಸಿ ತಂದುಬಿಡುವುದು. ಹಗಲು ದ್ವೀಪದಲ್ಲಿ, ಇರುಳು ಹಡಗಿನಲ್ಲಿ. ಚಿತ್ರಪಟಗಳಲ್ಲಿ ಕಾಣುವ, ಏಳಂತಸ್ತಿನ ಅರಮನೆಯಂಥ ವಿಹಾರನೌಕೆ ಅದಲ್ಲ. ದ್ವೀಪದ ಜನರೂ ಅವರ ಅಕ್ಕಿ ಬೇಳೆಗಳೂ ಓಡಾಡುವ ಸಾಧಾರಣ ಹಡಗು. ಅದರ ಒಂದು ಭಾಗದಲ್ಲಿ ನಮ್ಮಂಥ ಪ್ರವಾಸಿಗಳಿಗೂ ಕೋಣೆ ಕೊಟ್ಟಿದ್ದರು. ಒಂದು ಕೋಣೆಗೆ ನಾಲ್ಕು ಮಂಚ, ಒಂದರ ಮೇಲೊಂದು. ನಮ್ಮ ಪಾಲಿನ ನಾಲ್ಕನೆಯ ಮಂಚದ ಮೇಲೆ ಚಕ್ಕುಲಿಯ ಡಬ್ಬಿಗಳು ಪ್ರಯಾಣ ಮಾಡಿದವು.

ಉಳಿದ ಮೂರರಲ್ಲಿ ನಾನು, ನನ್ನ ಹೆಂಡತಿ, ಅತ್ತಿಗೆ. ಅಣ್ಣ ಸಮುದ್ರಕ್ಕೆ ದೂರದಿಂದಲೇ ಕೈ ಮುಗಿಯುವವನು, ಬರಲಿಲ್ಲ. ಅತ್ತಿಗೆಗೆ ಆಗ 62 ವರ್ಷ. ತವರು ಮಂಜೇಶ್ವರದ ಕಡೆ. ಆದ್ದರಿಂದ ತುಳು, ಕನ್ನಡದ ಜೊತೆಗೆ ಮಲೆಯಾಳವೂ ಬರುತ್ತದೆ. ಅವರ ಒಬ್ಬನೇ ಮಗ ತೈಲ ಸಾಗಿಸುವ ಹಡಗೊಂದರಲ್ಲಿ ಇಂಜಿನಿಯರು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ನೀರಿನ ಮೇಲಿರುವವನು. ಹದಿನೈದು ದಿನಕ್ಕೋ ತಿಂಗಳಿಗೋ ಯಾವುದಾದರೂ ಬಂದರಿನಿಂದ ಫೋನು ಮಾಡಿದರೆ ಮಾಡಿದ. ಅತ್ತಿಗೆ ಹುಟ್ಟಿದ್ದು ಕಡಲಿನ ದಡದಲ್ಲಾದರೂ ಹಡಗನ್ನು ಹತ್ತಿದವರಲ್ಲ. ಹಾಗಾಗಿ ಆ ಇಡೀ ತಂಡದಲ್ಲಿ ಸಮುದ್ರ ನೋಡಲು ಬಾರದೆ ಹಡಗು ನೋಡಲು ಬಂದ ಪ್ರಯಾಣಿಕೆ ಅವರೊಬ್ಬರೇ. ನಾವೆಲ್ಲ ಅಟ್ಟದ ಮೇಲೆ ನಿಂತು ಹಾರುವ ಮೀನುಗಳನ್ನು ಎಣಿಸುತ್ತಿದ್ದರೆ, ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅನ್ನವನ್ನು ಬಸಿಯುವರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಮಂಚದ ಅಂಚಿಗೆ ಕಟ್ಟೆಯಂತೆ ಹಲಗೆ ಏಕಿದೆ, ಅಲೆ ಜೋರಾದಾಗ ಊಟದ ತಟ್ಟೆ ಎಲ್ಲಿ ನಿಲ್ಲುತ್ತದೆ, ಜ್ವರ ಬಂದರೆ ಕಷಾಯ ಕೊಡುವವರು ಯಾರು, ಎಲ್ಲವೂ ಅವರಿಗೆ ಬೇಕು. ಇಂಜಿನ್ನಿನ ಸದ್ದಿನಲ್ಲಿ ಒಂದು ರಾತ್ರಿ ಮಲಗಿ ಎದ್ದ ಮೇಲೆ, "ಇಷ್ಟು ಸದ್ದಿನಲ್ಲಿ ಮಲಗುವ ಹುಡುಗ ಮನೆಗೆ ಬಂದಾಗ ಫ್ಯಾನು ಶಬ್ದ ಮಾಡುತ್ತದೆಂದು ಗೊಣಗುತ್ತಾನಲ್ಲ!" ಎಂದರು. ಮಾತಿನಲ್ಲಿ ನಗುವಿತ್ತು, ಮುಖದಲ್ಲಿ ಅಷ್ಟಿರಲಿಲ್ಲ.

ಮಿನಿಕಾಯ್ ತಲುಪುವ ಹಿಂದಿನ ರಾತ್ರಿ ಅತ್ತಿಗೆ ಒಂದು ಹಳೆಯ ಸಂಗತಿ ಹೇಳಿದರು. ಅವರ ಅಜ್ಜ ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದಾಗ ದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ಹುರಿ, ಬೆಲ್ಲ ತಂದಿಳಿಸಿ, ಅಕ್ಕಿ ತುಂಬಿಕೊಂಡು ಹೋಗುತ್ತಿದ್ದರಂತೆ. ಇದು ಬರಿಯ ಮನೆಮಾತಲ್ಲ, ಚರಿತ್ರೆಯೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳು ಕಣ್ಣಾನೂರಿನ ಅರಕ್ಕಲ್ ಮನೆತನಕ್ಕೆ ಸೇರಿದ್ದುವು. ಅಲ್ಲಿಯ ಆಡಳಿತಕ್ಕೆ ಬೇಸತ್ತ ದ್ವೀಪವಾಸಿಗಳು ಮಂಗಳೂರಿಗೆ ಬಂದು ಟಿಪ್ಪುವಿನಲ್ಲಿ ಮೊರೆಯಿಟ್ಟರು. 1787ರಲ್ಲಿ ಆ ದ್ವೀಪಗಳು ಅವನ ಕೈಗೆ ಬಂದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಮುಂದೆ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಅವು ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತದಲ್ಲಿಯೇ ಇದ್ದುವು. ಮಂಗಳೂರಿನ ಕಚೇರಿಯಲ್ಲಿ ಕುಳಿತು ಇನ್ನೂರು ಮೈಲಿ ಆಚೆಯ ತೆಂಗಿನ ತೋಟಗಳನ್ನು ಆಳುತ್ತಿದ್ದ ಕಾಲವೊಂದಿತ್ತೆಂದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಮಿನಿಕಾಯ್ ಮಾತ್ರ ಆ ಗುಂಪಿನದಲ್ಲ. ಉಳಿದ ಲಕ್ಷದ್ವೀಪಗಳಿಗೂ ಅದಕ್ಕೂ ನಡುವೆ ಒಂಬತ್ತು ಡಿಗ್ರಿ ಕಾಲುವೆಯೆಂಬ ಅಗಲವಾದ ಕಡಲ ಹಾದಿಯಿದೆ. ಅದರ ದಕ್ಷಿಣಕ್ಕೆ ಎಂಟು ಡಿಗ್ರಿ ಕಾಲುವೆ. ಅದನ್ನು ದಾಟಿದರೆ ಮಾಲ್ಡೀವ್ಸ್. ಮಿನಿಕಾಯಿಯವರ ಮಾತು ಮಲೆಯಾಳವಲ್ಲ, ಮಾಲ್ಡೀವ್ಸಿನ ದಿವೇಹಿಯ ಒಂದು ಕವಲಾದ ಮಹಲ್. ಅವರು ತಮ್ಮ ದ್ವೀಪವನ್ನು ಮಲಿಕು ಎನ್ನುತ್ತಾರೆ.

ಬೆಳಗಾಗುವಾಗ ಹಡಗು ಹವಳದ ದಂಡೆಯ ಹೊರಗೆ ನಿಂತಿತ್ತು. ಒಳಗೆ ಹೋಗುವಷ್ಟು ಆಳವಿಲ್ಲ. ದ್ವೀಪದಿಂದ ಬಂದ ಸಣ್ಣ ದೋಣಿಗಳು ಹಡಗಿನ ಪಕ್ಕದ ಬಾಗಿಲಿಗೆ ಒರಗಿ ನಿಲ್ಲುತ್ತವೆ. ನಿಲ್ಲುತ್ತವೆ ಎಂಬುದು ಸೌಜನ್ಯದ ಮಾತು. ದೋಣಿ ಒಮ್ಮೆ ನಮ್ಮ ಮೊಣಕಾಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳುದ್ದ ಕೆಳಗಿಳಿಯುತ್ತದೆ. ಇಬ್ಬರು ನಾವಿಕರು ಪ್ರಯಾಣಿಕನ ಎರಡು ತೋಳುಗಳನ್ನೂ ಹಿಡಿದು, ದೋಣಿ ಮೇಲೇರಿದ ಗಳಿಗೆ ನೋಡಿ "ಹ್ಞೂ" ಎನ್ನುತ್ತಾರೆ. ಆಗ ಕಾಲು ಮುಂದಿಡಬೇಕು, ಯೋಚಿಸಬಾರದು. ದಪ್ಪಗಿನ ಮಹನೀಯರೊಬ್ಬರು ಯೋಚಿಸಿದರು. ಮೂರು ಅಲೆಗಳು ಬಂದು ಹೋದುವು. ನಾಲ್ಕನೆಯದಕ್ಕೆ ಅವರನ್ನು ಮೂಟೆಯಂತೆ ಇಳಿಸಲಾಯಿತು.

ಅತ್ತಿಗೆಯ ಸರದಿ ಬಂದಾಗ ಅವರು ತೋಳು ಹಿಡಿದ ಯುವಕನನ್ನು ಮಲೆಯಾಳದಲ್ಲಿ ಕೇಳಿದರು: "ನಿನ್ನ ಊರು ಯಾವುದಪ್ಪಾ?" ಅವನು ಗಲ್ಲದಿಂದಲೇ ಎದುರಿಗಿದ್ದ ದ್ವೀಪವನ್ನು ತೋರಿಸಿದ. ಅಲ್ಲಿ ಮನೆ, ಹೆಂಡತಿ, ಐದು ವರ್ಷದ ಮಗ. ಆದರೆ ಸಂಜೆಯ ತನಕ ಈ ಬಾಗಿಲಿನ ಕೆಲಸ. ಈ ಹಡಗಿಗೆ ಸೇರಿ ಸ್ವಲ್ಪ ಕಾಲವಾಗಿತ್ತು. ಎರಡು ಸಲ ಇಲ್ಲಿಗೆ ಬಂದರೂ ಇಳಿಯಲು ಬಿಡುವು ಸಿಕ್ಕಿರಲಿಲ್ಲವಂತೆ. ಹಿಂದಿದ್ದವರು ಅವಸರ ಮಾಡುತ್ತಿದ್ದರು. ಅತ್ತಿಗೆ ಜರುಗಲಿಲ್ಲ. ಅವನು ಸ್ವಲ್ಪ ಅನುಮಾನಿಸಿ, ಮೂಲೆಯಲ್ಲಿ ಇರಿಸಿದ್ದ ಕಾಗದದ ಪೊಟ್ಟಣವೊಂದನ್ನು ತಂದ. ಕೊಚ್ಚಿಯಲ್ಲಿ ಮಗನಿಗೆಂದು ಕೊಂಡ ಬೂಟುಗಳು. ದೋಣಿಯವರ ಕೈಯಲ್ಲಿ ಕೊಟ್ಟಿದ್ದರೂ ಅವು ಮನೆ ಸೇರುತ್ತಿದ್ದುವು. ಅವನ ಉದ್ದೇಶವೂ ಅದೇ ಆಗಿತ್ತು. ಆದರೆ ಅತ್ತಿಗೆ ಬಿಡಲಿಲ್ಲ. ಪೊಟ್ಟಣವನ್ನು ಎದೆಗವಚಿಕೊಂಡು, ಅಲೆಯನ್ನಾಗಲಿ ದೋಣಿಯನ್ನಾಗಲಿ ನೋಡದೆ ಒಂದೇ ಹೆಜ್ಜೆಗೆ ಇಳಿದುಬಿಟ್ಟರು.

ದಂಡೆಯ ಸಂದಿಯನ್ನು ಹೊಕ್ಕೊಡನೆ ನೀರಿನ ಬಣ್ಣ ಬದಲಾಯಿತು. ಹೊರಗೆ ಶಾಯಿಯಂಥ ನೀಲಿ. ಒಳಗೆ ಲಗೂನಿನಲ್ಲಿ ಎಳೆಯ ವೀಳ್ಯದೆಲೆಯ ಹಸುರು. ತಳದ ಮರಳಿನ ಮೇಲೆ ನಮ್ಮ ದೋಣಿಯ ನೆರಳು ನಮಗಿಂತ ಮುಂದಾಗಿ ಓಡುತ್ತಿತ್ತು. ಈ ದ್ವೀಪಗಳೆಲ್ಲ ಹವಳದ ಹುಳುಗಳ ಕಟ್ಟಡ. ಜ್ವಾಲಾಮುಖಿಯ ಶಿಖರ ಮೆಲ್ಲಮೆಲ್ಲನೆ ಮುಳುಗುತ್ತಿರುವಾಗ ಅದರ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತ, ಕೊನೆಗೆ ಬೆಟ್ಟ ಮಾಯವಾಗಿ ಬಳೆ ಮಾತ್ರ ಉಳಿಯುತ್ತದೆಂದು ಡಾರ್ವಿನ್ 1842ರಲ್ಲಿಯೇ ಬರೆದಿದ್ದನು. ಇಲ್ಲಿ ಮುಳುಗಿರುವ ಬೆಟ್ಟಗಳ ಸಾಲೂ ನಮ್ಮ ಬಿಜಾಪುರ ಬೆಳಗಾವಿಗಳ ಕಪ್ಪು ನೆಲದ ಕಲ್ಲೂ ಭೂಮಿಯ ಒಂದೇ ಕುಲುಮೆಯಿಂದ ಹೊರಬಂದವು. ಜೋಳ ಬೆಳೆಯುವ ನೆಲಕ್ಕೂ ಹವಳ ಬೆಳೆಯುವ ನೆಲಕ್ಕೂ ಇಂಥ ದಾಯಾದಿತನವಿರುವುದು ವಿಚಿತ್ರವಲ್ಲವೇ!

ದಡದಲ್ಲಿ ಸ್ವಾಗತಕ್ಕೆ ಎಳನೀರು. ಬಣ್ಣದ ಉಡುಪಿನ ಗಂಡಸರು ಡೋಲು ಬಾರಿಸಿಕೊಂಡು ಕುಣಿದ ಲಾವಾ ನೃತ್ಯ. ಅನಂತರ ಗಾಜಿನ ತಳದ ದೋಣಿಯಲ್ಲಿ ಕೂರಿಸಿ ಹವಳದ ತೋಟ ತೋರಿಸಿದರು. ಪತ್ರಿಕೆಗಳ ವರ್ಣಚಿತ್ರಗಳನ್ನು ಕಂಡು ಹೋದವರಿಗೆ ಅಲ್ಲಿ ಕೊಂಚ ನಿರಾಶೆಯಾದೀತು. 1998ರಲ್ಲಿ ಕಡಲಿನ ನೀರು ಮಿತಿಮೀರಿ ಬಿಸಿಯೇರಿ ಲಕ್ಷದ್ವೀಪದ ಹವಳಗಳು ರಾಶಿರಾಶಿಯಾಗಿ ಬಿಳಿಚಿಕೊಂಡು ಸತ್ತಿದ್ದುವು. ನಾವು ಕಂಡಾಗ ಎಂಟು ವರ್ಷ ಕಳೆದಿತ್ತು. ಬೂದಿಬಣ್ಣದ ಮುರುಕುಗಳ ನಡುವೆ ಅಂಗೈಯಗಲದ ಹೊಸ ಹವಳಗಳು ಕಂದು, ಹಳದಿ, ನೇರಳೆ ಬಣ್ಣಗಳಲ್ಲಿ ಚಿಗುರುತ್ತಿದ್ದುವು. ಅವುಗಳ ಮೇಲೆ 2010ರಲ್ಲಿ, 2016ರಲ್ಲಿ, 2024ರಲ್ಲಿ ಮತ್ತೆ ಅದೇ ಜ್ವರ ಬಂದು ಹೋಗಿದೆ.

ಮಧ್ಯಾಹ್ನದ ಊಟಕ್ಕೆ ಮೀನಿಲ್ಲದ ಪಂಕ್ತಿ ನಮ್ಮದು ಮಾತ್ರ. ಮಿನಿಕಾಯಿಯಲ್ಲಿ ಸೂರೆ ಮೀನೇ ಅನ್ನ, ಅದೇ ಹಣ. ಅದನ್ನು ಹಿಡಿಯುವ ರೀತಿಯನ್ನು ದೋಣಿಯವನು ವಿವರಿಸಿದ. ಮೊದಲು ಲಗೂನಿನಲ್ಲಿ ಬೆರಳುದ್ದದ ಮರಿಮೀನುಗಳನ್ನು ಬಲೆಯಿಂದ ಹಿಡಿದು, ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳಬೇಕು. ಹೊರಗಡಲಿನಲ್ಲಿ ಸೂರೆಯ ಹಿಂಡು ಕಂಡಾಗ ಆ ಮರಿಗಳನ್ನು ಎರಚುತ್ತಾರೆ. ಮೇಲೆ ನೀರನ್ನೂ ಚಿಮುಕಿಸುತ್ತಾರೆ. ಹಿಂಡು ಮದವೇರಿದಂತೆ ಮೇಲೆದ್ದು ಬರುತ್ತದೆ. ಆಗ ಸಾಲಾಗಿ ನಿಂತವರು ಉದ್ದನೆಯ ಕೋಲುಗಳಿಂದ ಒಂದೊಂದನ್ನೇ ಎತ್ತಿ ಬೆನ್ನ ಹಿಂದಕ್ಕೆ ಎಸೆಯುವರು. ಕೊಕ್ಕೆಗೆ ಮುಳ್ಳಿಲ್ಲ, ಮೀನು ಗಾಳಿಯಲ್ಲಿಯೇ ಕಳಚಿಕೊಂಡು ದೋಣಿಗೆ ಬೀಳುತ್ತದೆ. ಹಿಡಿದದ್ದನ್ನು ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಗೆ ಒಡ್ಡಿ, ಬಿಸಿಲಿಗೆ ಒಣಗಿಸಿದರೆ ಮಾಸ್ ಎಂಬ ಕಟ್ಟಿಗೆಯಂಥ ಪದಾರ್ಥವಾಗುತ್ತದೆ, ತಿಂಗಳುಗಟ್ಟಲೆ ಕೆಡದು. ಕೋಲಿನವನ ಕೈಚಳಕವನ್ನು ಕೇಳುತ್ತ ನಾನು ಸಸ್ಯಾಹಾರಿಯೆಂಬುದನ್ನೇ ಕೊಂಚ ಹೊತ್ತು ಮರೆತಿದ್ದೆ.

ಊಟವಾದ ಮೇಲೆ ದ್ವೀಪದ ದಕ್ಷಿಣ ಭಾಗದ ದೀಪಸ್ತಂಭ. ಹತ್ತಿ ಹತ್ತಿ ಎದೆಯುಸಿರು ಬಿಟ್ಟು ಮೇಲೆ ನಿಂತಾಗ ಇಡೀ ಮಿನಿಕಾಯ್ ಬಿದಿಗೆಯ ಚಂದ್ರನಂತೆ ಕಾಲಬುಡದಲ್ಲಿ ಬಿದ್ದಿತ್ತು. ಉದ್ದ ಸುಮಾರು ಹತ್ತು ಕಿಲೋಮೀಟರು. ಅಗಲ ಕೆಲವೆಡೆ ಒಂದು ಕೂಗಿನಷ್ಟು. ಒಂದು ಗುಡ್ಡವಿಲ್ಲ, ದಿಣ್ಣೆಯಿಲ್ಲ. ತೆಂಗಿನ ಮರವೇ ಅಲ್ಲಿಯ ಪರ್ವತ. ಎದುರಿಗೆ ವಿರಿಂಗಿಲಿ ಎಂಬ ಅಂಗೈಯಗಲದ ಕಿರುದ್ವೀಪ ಕಂಡಿತು. ಹಿಂದಿನ ಕಾಲದಲ್ಲಿ ಕುಷ್ಠರೋಗಿಗಳನ್ನು ಅಲ್ಲಿಗೆ ಕಳಿಸಿಬಿಡುತ್ತಿದ್ದರಂತೆ. ಊರಿನ ಹೊಗೆ ಕಾಣುವಷ್ಟು ಹತ್ತಿರ. ಕರೆದರೆ ಕೇಳಿಸದಷ್ಟು ದೂರ.

ಈ ಸ್ತಂಭ ಬೆಳಗಿದ್ದು 1885ರಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಏಡನ್ನಿನಿಂದ ಕೊಲಂಬೋ ಕಡೆಗೆ ಹೋಗುವ ಹಡಗುಗಳಿಗೆಲ್ಲ ಇದೇ ಹಾದಿಯಾಯಿತು. ಅದಕ್ಕೂ ಮೊದಲೇ, 1862ರಲ್ಲಿ, 'ಕೊಲಂಬೊ' ಎಂಬ ಹೆಸರಿನ ಉಗಿಹಡಗೇ ಇಲ್ಲಿಯ ಹವಳಕ್ಕೆ ಬಡಿದು ಒಡೆದಿತ್ತು. ನೀರಿನಿಂದ ಆಳೆತ್ತರವೂ ಏಳದ ನೆಲ ಕತ್ತಲೆಯಲ್ಲಿ ಯಾರಿಗೆ ಕಂಡೀತು? ಮೇಲಿನಿಂದ ನೋಡಿದರೆ ದಂಡೆಯ ಬಿಳಿಯ ನೊರೆಯಾಚೆ ನಮ್ಮ ಹಡಗು ಬೆಂಕಿಪೆಟ್ಟಿಗೆಯಂತೆ ನಿಂತಿತ್ತು. ಅತ್ತಿಗೆ ಅದನ್ನೇ ನೋಡುತ್ತಿದ್ದರು. ಆಮೇಲೆ ಪೊಟ್ಟಣವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, "ಅಲ್ಲಿಂದ ಈ ಮರಗಳು ಕಾಣುತ್ತಿರಬಹುದು, ಅಲ್ಲವೇ?" ಎಂದರು.

ಪಟ್ಟಿಯ ಪ್ರಕಾರ ಮುಂದಿನದು ಗ್ರಾಮದರ್ಶನ. ಮಿನಿಕಾಯಿಯ ಜನರೆಲ್ಲ ಒತ್ತೊತ್ತಾಗಿ ಹತ್ತು ಹನ್ನೊಂದು ಹಳ್ಳಿಗಳಲ್ಲಿ ಇರುವರು. ಒಂದರ ಮುಗಿವೂ ಇನ್ನೊಂದರ ಮೊದಲೂ ಹೊರಗಿನವರಿಗೆ ತಿಳಿಯದು. ಆದರೆ ಪ್ರತಿ ಹಳ್ಳಿಗೂ ತನ್ನದೇ ಚಾವಡಿ, ತನ್ನದೇ ಓಟದ ದೋಣಿ. ಗಂಡಸರಿಗೊಬ್ಬ ಹಿರಿಯ, ಹೆಂಗಸರಿಗೊಬ್ಬ ಹಿರಿಯಳು. ಬೀದಿಗಳನ್ನು ಎಷ್ಟು ಶುದ್ಧವಾಗಿ ಗುಡಿಸಿದ್ದರೆಂದರೆ ನಮ್ಮವರೊಬ್ಬರು ಕಿತ್ತಳೆಯ ಸಿಪ್ಪೆಯನ್ನು ಜೇಬಿನಲ್ಲಿಯೇ ಹೊತ್ತು ತಿರುಗಿದರು. ಮನೆ ಹೆಣ್ಣಿನದು, ಮನೆತನದ ಹೆಸರು ತಾಯಿಯ ಕಡೆಯಿಂದ, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರಬೇಕು. ಅಳಿಯಕಟ್ಟಿನ ನಾಡಿನಿಂದ ಬಂದ ಅತ್ತಿಗೆಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. "ಗಂಡಸರೆಲ್ಲ ನೀರಿನ ಮೇಲಿದ್ದರೆ ಮನೆ ಇನ್ನಾರದಾದೀತು?" ಎಂದರು. ಅದೂ ನಿಜವೇ. ತಲೆಮಾರುಗಳಿಂದ ಇಲ್ಲಿಯ ಗಂಡಸರು ಲೋಕದ ಎಲ್ಲ ಕಡಲುಗಳಲ್ಲಿ ಸರಕುಹಡಗುಗಳ ನಾವಿಕರಾಗಿ ದುಡಿದವರು.

ಪೊಟ್ಟಣದ ಮೇಲಿದ್ದ ಹೆಸರನ್ನು ತೋರಿಸಿದೊಡನೆ ಹುಡುಗನೊಬ್ಬ ಮುಂದೆ ಓಡಿದ. ನಾವು ಮೂವರೂ ಗುಂಪಿನಿಂದ ಅಗಲಿ ಹಿಂದೆ ನಡೆದೆವು. ಮನೆಯ ಯಜಮಾನಿತಿ ನಾವಿಕನ ಅತ್ತೆ; ಉದ್ದನೆಯ ನಿಲುವಂಗಿ, ತಲೆಯ ಮೇಲೆ ವಸ್ತ್ರ, ಅತ್ತಿಗೆಯದೇ ವಯಸ್ಸು. ಮೊದಲು ಕುಡಿಯಲು ನೀರು ಕೊಟ್ಟರು. ಅಂಗಳದ ಬಾವಿ ನಾಲ್ಕು ಮೊಳ ಆಳವೂ ಇರಲಿಲ್ಲ. ಇಂಥ ದ್ವೀಪಗಳಲ್ಲಿ ಮಳೆಯ ನೀರು ಮರಳಿನಲ್ಲಿ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ಕೆನೆಯಂತೆ ತೇಲಿಕೊಂಡಿರುತ್ತದೆ. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಆ ಒಂದು ಲೋಟವನ್ನು ನಾನು ನಿಧಾನವಾಗಿ ಕುಡಿದೆ. ಮುಂದೆ 2011ರಲ್ಲಿ ಮಿನಿಕಾಯಿಗೆ ಸಮುದ್ರದ ನೀರನ್ನು ಸಿಹಿಗೊಳಿಸುವ ಯಂತ್ರ ಬಂದಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿಯಾಗಿಸಿ, ನೂರಾರು ಮೀಟರು ಆಳದಿಂದ ಸೇದಿದ ತಣ್ಣನೆಯ ನೀರಿನ ಕೊಳವೆಗಳ ಮೇಲೆ ಆ ಆವಿಯನ್ನು ಹನಿಗೊಳಿಸುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರು. ಕಡಲಿನ ಬಿಸಿಯನ್ನೂ ತಂಪನ್ನೂ ಒಂದಕ್ಕೊಂದು ಎತ್ತಿಕಟ್ಟಿ ಕುಡಿಯುವ ನೀರು ತೆಗೆಯುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಒಳಗಿನಿಂದ ಮನೆಯ ಹಿರಿಯರು ಬಂದರು, ನಿವೃತ್ತ ನಾವಿಕರು. ನಾವು ಕನ್ನಡದವರೆಂದು ತಿಳಿದು ಹಿಂದಿಯಲ್ಲಿ ಕೇಳಿದರು: "ಪಣಂಬೂರಿನಲ್ಲಿ ಈಗಲೂ ಕಬ್ಬಿಣದ ಅದಿರು ತುಂಬುತ್ತಾರೆಯೇ?" ಅವರೊಮ್ಮೆ ನವಮಂಗಳೂರು ಬಂದರಿಗೆ ಬಂದು ಕುದುರೆಮುಖದ ಅದಿರು ಹೊತ್ತು ಪೂರ್ವದೇಶಕ್ಕೆ ಹೋದವರು. ಹೋದ ತಿಂಗಳ ಕೊನೆಗೆ ಆ ಗಣಿಯೇ ಮುಚ್ಚಿತೆಂದು ನಾನು ಹೇಳಿದೆ. "ಒಳ್ಳೆಯದಾಯಿತು, ಅದರ ಧೂಳು ಮೂಗಿನಿಂದ ಹೋಗಲು ಒಂದು ವಾರ ಹಿಡಿದಿತ್ತು" ಎಂದು ನಕ್ಕರು.

ಅತ್ತಿಗೆಗೆ ಬೇಕಾದದ್ದು ಬೇರೆ. "ಇವರು ಎಷ್ಟು ವರ್ಷ ಹಡಗಿನಲ್ಲಿದ್ದರು?" ಎಂದು ಆಕೆಯನ್ನು ಕೇಳಿದರು.

"ಮೂವತ್ತೆಂಟು."

"ಅದರಲ್ಲಿ ಮನೆಯಲ್ಲಿ?"

ಆಕೆ ಬೆರಳು ಮಡಿಚಿ ಎಣಿಸತೊಡಗಿದರು. ಹಿರಿಯ ಮಗಳು ಹುಟ್ಟಿದ ವರ್ಷ ಮೂರು ತಿಂಗಳು. ಮನೆಗೆ ಹೆಂಚು ಹೊದಿಸಿದಾಗ ಎರಡು. ಒಂದು ಸಲ ಕಾಲು ಮುರಿದುಕೊಂಡು ಬಂದು ಏಳು ತಿಂಗಳು. "ಎಂಟು ವರ್ಷವಾದೀತು" ಎಂದರು. "ಎಂಟಲ್ಲ, ಏಳು" ಎಂದರು ಹಿರಿಯರು. "ಕಾಲು ಮುರಿದದ್ದನ್ನು ನೀವು ಬಿಟ್ಟಿರಿ." "ಅದನ್ನು ಸೇರಿಸಿಯೇ ಏಳು." ಇಬ್ಬರಿಗೂ ಚರ್ಚೆ ಹತ್ತಿತು, ಮಾತು ಮಹಲ್ ಭಾಷೆಗೆ ತಿರುಗಿದ್ದರಿಂದ ತೀರ್ಪು ನಮಗೆ ತಿಳಿಯಲಿಲ್ಲ. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮೂವತ್ತು ವರ್ಷ ದಿನವೂ ಸಂಜೆ ಆರಕ್ಕೆ ಮನೆಗೆ ಬಂದ ಗುಮಾಸ್ತ ನಾನು. ನನ್ನ ಲೆಕ್ಕ ಎಣಿಸಲು ಬೆರಳು ಬೇಡ.

ಆಕೆ ಒಳಗಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು ತೆರೆದರು. ತುಂಬ ಕಾಗದಗಳು, ತಾನಾ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಆ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿಯ ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಂದ ಹುಟ್ಟಿದವು. ಹಾಗಾಗಿ ಅರಿಯದವನಿಗೆ ಪ್ರೇಮಪತ್ರವೂ ಲೆಕ್ಕದ ಚೀಟಿಯಂತೆ ಕಾಣುವುದು. ಕೆಲವು ಕಾಗದಗಳು ಬರೆದ ಎರಡು ತಿಂಗಳಿಗೆ ತಲುಪಿದ್ದುವಂತೆ. ಒಂದು, ಬರೆದವರು ತಲುಪಿದ ಮೇಲೆ ತಲುಪಿತ್ತು. ಅತ್ತಿಗೆ ಡಬ್ಬಿಯ ಮೇಲೆ ಕೈಯಾಡಿಸಿದರು. "ನನ್ನ ಮಗ ಬರೆಯುವುದಿಲ್ಲ. ಫೋನಿನಲ್ಲಿ ಮಾತಾಡುತ್ತಾನೆ. ಇಟ್ಟ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ" ಎಂದರು. ಸ್ವಲ್ಪ ತಡೆದು, ಇಲ್ಲಿಯ ತನಕ ನಮ್ಮಲ್ಲಿ ಯಾರನ್ನೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: "ಗಾಳಿ ಮಳೆಯ ರಾತ್ರಿಗಳಲ್ಲಿ ನೀವು ಹೇಗೆ ಮಲಗುತ್ತೀರಿ?"

ಆಕೆ ಯೋಚಿಸಿ ಹೇಳಿದರು: "ಮೊದಲ ವರ್ಷ ಮಲಗಲಿಲ್ಲ. ಆಮೇಲೆ ತಿಳಿಯಿತು, ಇಲ್ಲಿ ಗಾಳಿ ಬಂದಾಗ ಅವರಿರುವಲ್ಲಿ ಬಿಸಿಲಿರುತ್ತದೆ. ಅಲ್ಲಿ ಗಾಳಿ ಬಂದಾಗ ನನಗೆ ಗೊತ್ತೇ ಆಗುವುದಿಲ್ಲ. ನನ್ನ ಹಂಚಿನ ಮೇಲಿನ ಸದ್ದಿಗೂ ಅವರಿಗೂ ಸಂಬಂಧವಿಲ್ಲ." ಅತ್ತಿಗೆ ಇದನ್ನು ನಮಗೆ ಕನ್ನಡದಲ್ಲಿ ಹೇಳುವಾಗ ಎರಡು ಸಲ ನಿಲ್ಲಿಸಿದರು.

ಅಷ್ಟರಲ್ಲಿ ಮಗು ಬೂಟುಗಳನ್ನು ಹಾಕಿಕೊಳ್ಳಲು ಹೆಣಗುತ್ತಿತ್ತು. ತಾಯಿ ಒತ್ತಿದಳು, ಅಜ್ಜಿ ಒತ್ತಿದರು. ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಅಪ್ಪ ಕಳೆದ ಸಲ ಮನೆಯಲ್ಲಿದ್ದಾಗ ಕಂಡ ಕಾಲಿಗೆ ಅವು ಸರಿಯಾಗಿದ್ದಿರಬೇಕು. ಕಾಲು ಅಲ್ಲಿಯೇ ನಿಂತಿರಲಿಲ್ಲ. ತಾಯಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಜ್ಜಿ ನಮ್ಮನ್ನು ಬಾಗಿಲ ತನಕ ಕಳಿಸಿ ಮೆಲ್ಲನೆ, "ಸರಿಯಾಯಿತೆಂದೇ ಹೇಳಿ. ಪಾಪ, ಆಸೆಯಿಂದ ತಂದಿದ್ದಾನೆ" ಎಂದರು. ಒಂದು ಕಟ್ಟು ಮಾಸನ್ನೂ ಕೊಟ್ಟರು. ನಾವು ಮೀನು ತಿನ್ನುವವರಲ್ಲವೆಂದು ಹೇಳುವ ಮೊದಲೇ ಅತ್ತಿಗೆ ಎರಡೂ ಕೈಗಳಿಂದ ಅದನ್ನು ಈಸಿಕೊಂಡಿದ್ದರು.

ಮರಳುವ ದೋಣಿಯಲ್ಲಿ ಅವರು ಮಾತಾಡಲಿಲ್ಲ. ಐದು ಗಂಟೆಯ ಇಳಿಬಿಸಿಲಿನಲ್ಲಿ ಲಗೂನು ತಾಮ್ರದ ಹರಿವ��ಣದಂತೆ ಹೊಳೆಯುತ್ತಿತ್ತು. ಎಲ್ಲರ ಕ್ಯಾಮರಾಗಳೂ ಅತ್ತ ತಿರುಗಿದ್ದುವು. ಹಡಗಿನ ಬಾಗಿಲಲ್ಲಿ ಅದೇ ಯುವಕ. ಅತ್ತಿಗೆಯ ತೋಳು ಹಿಡಿದು ಮೇಲೆಳೆದುಕೊಂಡವನು ಬಿಡದೆ ಕೇಳಿದ: "ಆಯಿತೇ?"

"ಇಲ್ಲ" ಎಂದರು ಅತ್ತಿಗೆ. "ಒಂದು ಬೆರಳಿನಷ್ಟು ಚಿಕ್ಕದಾಯಿತು. ಮಗ ಬೆಳೆದಿದ್ದಾನೆ."

ಅವನು ಒಂದು ಕ್ಷಣ ಹಾಗೆಯೇ ನಿಂತ. ಆಮೇಲೆ, "ಒಂದು ಬೆರಳೇ? ಪೂರ್ತಿ ಒಂದು ಬೆರಳೇ?" ಎಂದು ತನ್ನ ಬೆರಳನ್ನು ಎತ್ತಿ ನೋಡಿಕೊಂಡು, ಪಕ್ಕದವನಿಗೂ ತೋರಿಸಿ ಏನೋ ಹೇಳಿದ. ಇಬ್ಬರೂ ನಕ್ಕರು. ಅಷ್ಟರಲ್ಲಿ ಮುಂದಿನ ದೋಣಿ ಬಂದಿತು. ಅವನು ಕಣ್ಣೊರೆಸಿಕೊಂಡು ಇನ್ನೊಬ್ಬರ ತೋಳು ಹಿಡಿಯಲು ಬಾಗಿದ.

ರಾತ್ರಿ ನನ್ನ ಹೆಂಡತಿ ಅತ್ತಿಗೆಯನ್ನು ಕೇಳದೆ ಇರಲಿಲ್ಲ: ಆ ಅಜ್ಜಿ ಅಷ್ಟು ಹೇಳಿದ್ದರಲ್ಲ, ಒಂದು ಒಳ್ಳೆಯ ಮಾತು ಆಡಿದ್ದರೆ ಏನಾಗುತ್ತಿತ್ತು? "ಮನೆಯಲ್ಲಿ ಎಲ್ಲ ಸರಿಯಾಗಿದೆಯೆಂದು ನಾನೂ ಫೋನಿನಲ್ಲಿ ಹೇಳುತ್ತೇನೆ, ಅವನೂ ಹೇಳುತ್ತಾನೆ. ಹನ್ನೊಂದು ವರ್ಷದಿಂದ ಇಬ್ಬರೂ ಅದನ್ನೇ ಹೇಳುತ್ತಿದ್ದೇವೆ" ಎಂದರು ಅತ್ತಿಗೆ. ಆಮೇಲೆ ಅಟ್ಟದ ಕಂಬಿ ಹಿಡಿದು, ದೀಪಸ್ತಂಭದ ಬೆಳಕು ಕಡಲಿನ ಅಂಚಿನಲ್ಲಿ ಅಡಗುವ ತನಕ ಅಲ್ಲಿಯೇ ನಿಂತಿದ್ದರು. ಕೊಚ್ಚಿಗೆ ಬಂದು ಇಳಿದ ದಿನ ಅವರು ಮಾಡಿದ ಮೊದಲ ಕೆಲಸ ಅಂಚೆಕಚೇರಿಯಲ್ಲಿ ವಿದೇಶದ ಲಕೋಟೆಗಳನ್ನು ಕೊಂಡದ್ದು.

ಆ ಎರಡು ಮನೆಗಳ ನಂಟು ಹಗಲಿನ ಜೊತೆಗೆ ಮುಗಿಯಲಿಲ್ಲ. ರಂಜಾನಿಗೂ ದೀಪಾವಳಿಗೂ ಫೋನು ಬರುತ್ತಿತ್ತು, ಹೋಗುತ್ತಿತ್ತು. 2011ರ ಜನವರಿಯಲ್ಲಿ ಸೋಮಾಲಿಯಾದ ಕಡಲುಗಳ್ಳರು ಲಕ್ಷದ್ವೀಪದ ತನಕ ಬಂದು, ನಮ್ಮ ನೌಕಾದಳ ಅವರ 'ಪ್ರಾಂತಲೇ 14' ಎಂಬ ದೋಣಿಯನ್ನು ಮುಳುಗಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ಅಣ್ಣನ ಮಗ ಅದೇ ಅರಬ್ಬೀ ಸಮುದ್ರದಲ್ಲಿದ್ದ. ಮನೆಯಲ್ಲಿ ಎಲ್ಲರೂ ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಅತ್ತಿಗೆ ಮಾತ್ರ ಒಳಗೆ ಹೋಗಿ ಮಿನಿಕಾಯಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಏನು ಮಾತಾಡಿದಿರೆಂದು ಕೇಳಿದರೆ, ಕಡಲುಗಳ್ಳರ ಹೆಸರೇ ಬರಲಿಲ್ಲವಂತೆ. ಬಾವಿಯ ನೀರು, ಮಂಡಿನೋವು, ತೆಂಗಿನ ಬೆಲೆ. ಅಳಿಯ ಈಗ ದೊಡ್ಡ ಹಡಗಿಗೆ ಸೇರಿದ್ದಾನೆ, ಒಂಬತ್ತು ತಿಂಗಳಿಗೊಮ್ಮೆ ಬರುತ್ತಾನೆ. ಹೊರಡುವ ಹಿಂದಿನ ರಾತ್ರಿ, ಮಲಗಿದ ಮಗನ ಪಾದದ ಕೆಳಗೆ ಕಾಗದವಿರಿಸಿ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಾನಂತೆ. ಆಮೇಲೆ ಗೆರೆಯ ಸುತ್ತ ಒಂದು ಬೆರಳಿನಷ್ಟು ಬಿಟ್ಟು ಕತ್ತರಿಸುತ್ತಾನಂತೆ.